ಬಿರುಕಿನ ಬೆಳವಣಿಗೆಯನ್ನು ಲೆಕ್ಕ ಹಾಕುವವರಿಗೊಂದು ಬಹಿರಂಗ ಪತ್ರ

ವಿಮಾನದ ರೆಕ್ಕೆ, ರೈಲಿನ ಅಚ್ಚು, ಸೇತುವೆಯ ತೊಲೆ ಇವುಗಳಲ್ಲಿ ಬಿರುಕು ಎಷ್ಟು ಬೇಗ ಬೆಳೆದೀತೆಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವ ಯುವ ಎಂಜಿನಿಯರುಗಳಿಗೆ, ಆ ಕೆಲಸಕ್ಕೆ ತಯಾರಾಗುತ್ತಿರುವ ವಿದ್ಯಾರ್ಥಿಗಳಿಗೆ, ಅವರ ವರದಿಗಳಿಗೆ ಸಹಿ ಮಾಡುವ ಹಿರಿಯರಿಗೆ,



ಲೋಹ ತಾಳಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಭಾರ ಬಿದ್ದರೂ, ಅದು ಮತ್ತೆ ಮತ್ತೆ ಬಿದ್ದು ಇಳಿಯುತ್ತಿದ್ದರೆ ಲೋಹ ಒಂದಲ್ಲ ಒಂದು ದಿನ ಮುರಿಯಬಹುದು. ಇದೇ ಲೋಹದ ದಣಿವು. ಮೇಲ್ಮೈಯ ಒಂದು ಗೀರು, ರಿವೆಟ್ ರಂಧ್ರದ ಅಂಚು, ಬೆಸುಗೆಯ ಬುಡ, ಇಲ್ಲವೇ ಎರಕದೊಳಗೆ ಸಿಕ್ಕಿಕೊಂಡ ಕಿಟ್ಟದ ಕಣ, ಇಂಥ ಕಡೆ ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಭಾರದ ಪ್ರತಿ ಏರಿಳಿತಕ್ಕೂ ಅದು ತುಸುವೇ ಮುಂದೆ ಸರಿಯುತ್ತದೆ. ಉಳಿದ ಲೋಹ ಭಾರ ಹೊರಲಾರದಷ್ಟು ಕಿರಿದಾದಾಗ ಭಾಗ ಒಂದೇ ಏಟಿಗೆ ತುಂಡಾಗುತ್ತದೆ. ಹಾಗೆ ತುಂಡಾದ ಅಚ್ಚನ್ನು ಹತ್ತಿರದಿಂದ ನೋಡಿದರೆ ಅದರ ಮುರಿದ ಮುಖದಲ್ಲಿ ಎರಡು ಭಾಗಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ನುಣುಪಾಗಿ, ಹಲವೊಮ್ಮೆ ತುಕ್ಕಿನ ಬಣ್ಣಕ್ಕೆ ತಿರುಗಿ, ಒಂದು ಬಿಂದುವನ್ನು ಸುತ್ತುವರಿದ ಬಾಗುಗೆರೆಗಳಿಂದ ತುಂಬಿರುತ್ತದೆ. ಇನ್ನೊಂದು ಒರಟಾಗಿ, ಹೊಸದಾಗಿ ಹೊಳೆಯುತ್ತದೆ. ಮೊದಲನೆಯದು ವರ್ಷಗಟ್ಟಲೆ ಬೆಳೆದ ಬಿರುಕು, ಎರಡನೆಯದು ಕೊನೆಯ ಕ್ಷಣದ ಮುರಿತ. ನುಣುಪಾದ ಭಾಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇನ್ನೂ ಸೂಕ್ಷ್ಮವಾದ ಗೆರೆಗಳ ಸಾಲು ಕಾಣಿಸುತ್ತದೆ. ಬಹಳ ಸಲ ಒಂದೊಂದು ಗೆರೆ ಒಂದೊಂದು ಏರಿಳಿತದ ಗುರುತು. ಕಂಪ್ಯೂಟರಿನ ಲೆಕ್ಕ ಹಿಡಿಯಲು ಹೊರಟಿರುವುದು ಈ ಗೆರೆಗಳ ಅಂತರವನ್ನು.

ಈ ವಿದ್ಯೆ ಅಪಘಾತಗಳ ಬೆನ್ನ ಹಿಂದೆಯೇ ಬೆಳೆದಿದೆ. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದಿನ ದಶಕಗಳಲ್ಲಿ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಮುರಿದು, ಭಾರದ ಗರಿಷ್ಠ ಮಟ್ಟಕ್ಕಿಂತ ಅದರ ಏರಿಳಿತದ ಅಗಲವೇ ಹೆಚ್ಚು ಮುಖ್ಯವೆಂದು ತೋರಿಸಿದ. 1954ರ ಜನವರಿ 10ರಂದು ಒಂದು, ಏಪ್ರಿಲ್ 8ರಂದು ಮತ್ತೊಂದು ಕಾಮೆಟ್ ಜೆಟ್ ವಿಮಾನ ಇಟಲಿಯ ಬಳಿ ಗಾಳಿಯಲ್ಲೇ ಒಡೆದವು. ಬ್ರಿಟನ್ನಿನ ಫಾರ್ನ್‌ಬರೋ ಸಂಶೋಧನಾ ಕೇಂದ್ರದವರು ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಒಳಗಿನ ಒತ್ತಡವನ್ನು ಏರಿಸುತ್ತಾ ಇಳಿಸುತ್ತಾ ಹೋದರು. ಆ ವಿಮಾನ ಅದಾಗಲೇ 1,221 ಬಾರಿ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಏರಿಳಿತದ ಸುತ್ತು ಕಳೆದಾಗ, ಅಂದರೆ ಒಟ್ಟು 3,057ಕ್ಕೆ, ಒಡಲು ಬಿರಿಯಿತು.

ಕಾಮೆಟ್ಟಿನ ನಂತರವೂ ವಿನ್ಯಾಸಕಾರರು ಕೇಳುತ್ತಿದ್ದ ಪ್ರಶ್ನೆ ಒಂದೇ: ಬಿರುಕು ಹುಟ್ಟುವ ಮುನ್ನ ಈ ಭಾಗ ಎಷ್ಟು ಕಾಲ ಬಾಳುತ್ತದೆ? 1969ರ ಡಿಸೆಂಬರಿನಲ್ಲಿ ಅಮೆರಿಕದ ಎಫ್-111 ಯುದ್ಧವಿಮಾನವೊಂದರ ರೆಕ್ಕೆ ಕಳಚಿ ಬಿದ್ದಾಗ ಆ ಪ್ರಶ್ನೆಯೇ ತಪ್ಪೆಂದು ಗೊತ್ತಾಯಿತು. ವಿಮಾನ ಹಾರಿದ್ದು ಸುಮಾರು ನೂರು ಗಂಟೆ ಮಾತ್ರ. ರೆಕ್ಕೆಯ ಕೀಲಿನ ಉಕ್ಕಿನಲ್ಲಿ, ಕಾರ್ಖಾನೆಯಲ್ಲಿ ಬಡಿದು ರೂಪಿಸುವಾಗಲೇ ಎರಡು ಸೆಂಟಿಮೀಟರಿಗೂ ಮೀರಿದ ಸೀಳು ಉಳಿದಿತ್ತು. ದಣಿವಿನಿಂದ ಅದು ಬೆಳೆದದ್ದು ಅರ್ಧ ಮಿಲಿಮೀಟರಿಗೂ ಕಡಿಮೆ, ಅಷ್ಟಕ್ಕೇ ರೆಕ್ಕೆ ಹೋಯಿತು. 1974ರಲ್ಲಿ ಅಮೆರಿಕದ ವಾಯುಪಡೆ ಹೊಸ ನಿಯಮ ತಂದಿತು. ಪ್ರತಿ ಮುಖ್ಯ ಭಾಗದಲ್ಲೂ ಮೊದಲ ದಿನದಿಂದಲೇ ಬಿರುಕಿದೆ ಎಂದುಕೊಂಡು ಲೆಕ್ಕ ಶುರು ಮಾಡಬೇಕು. ರಂಧ್ರದ ಮೂಲೆಯಲ್ಲಾದರೆ ಆ ಬಿರುಕು 1.27 ಮಿಲಿಮೀಟರ್ ಎಂದು ಹಿಡಿಯಬೇಕು. ಅಲ್ಲಿಂದಾಚೆಗೆ ಪ್ರಶ್ನೆ ಬದಲಾಯಿತು. ತಪಾಸಣೆಯಲ್ಲಿ ಕಾಣಸಿಗುವ ಅಳತೆಯಿಂದ ಭಾಗ ಮುರಿಯುವ ಅಳತೆಯವರೆಗೆ ಬಿರುಕು ಎಷ್ಟು ಕಾಲ ತೆಗೆದುಕೊಳ್ಳುತ್ತದೆ? ಆ ಕಾಲದ ಅರ್ಧದೊಳಗೆ ಒಮ್ಮೆ ತಪಾಸಣೆ ನಡೆಯಲೇಬೇಕು. ನಿಮ್ಮ ಮೇಜಿನ ಮೇಲೆ ಬರುವ ಕೆಲಸದ ತಿರುಳು ಇದೇ. ನೀವು ಕೊಡುವ ಸಂಖ್ಯೆಯನ್ನು ನಂಬಿ ಮುಂದಿನ ತಪಾಸಣೆಯ ದಿನ ನಿಗದಿಯಾಗುತ್ತದೆ, ಅಲ್ಲಿಯವರೆಗೆ ಆ ಭಾಗವನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಲೆಕ್ಕದ ಅಡಿಪಾಯ ಹಾಕಿದವರು ಮೂವರು. ಗಾಜು ಏಕೆ ತನ್ನ ಸೈದ್ಧಾಂತಿಕ ಬಲಕ್ಕಿಂತ ಅಷ್ಟು ಕಡಿಮೆ ಭಾರಕ್ಕೆ ಒಡೆಯುತ್ತದೆಂದು ಹುಡುಕುತ್ತಿದ್ದ ಗ್ರಿಫಿತ್ 1920ರ ಸುಮಾರಿಗೆ, ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಉತ್ತರ ಕಂಡ. 1957ರಲ್ಲಿ ಇರ್ವಿನ್ ಬಿರುಕಿನ ತುದಿಯ ಸುತ್ತಲಿನ ಒತ್ತಡವನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಹಿಡಿಯಬಹುದೆಂದು ತೋರಿಸಿದ. ಅದೇ ಸ್ಟ್ರೆಸ್ ಇಂಟೆನ್ಸಿಟಿ ಫ್ಯಾಕ್ಟರ್, ಎಂಜಿನಿಯರುಗಳ ಬಾಯಲ್ಲಿ ಬರೀ ‘ಕೆ’. ಹೊರಗಿನ ಒತ್ತಡ ಹೆಚ್ಚಿದಷ್ಟೂ ಕೆ ಹೆಚ್ಚುತ್ತದೆ, ಬಿರುಕಿನ ಉದ್ದದ ವರ್ಗಮೂಲದ ಜೊತೆಗೂ ಏರುತ್ತದೆ. ಪಾಲ್ ಪ್ಯಾರಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ಸುತ್ತಿನಲ್ಲಿ ಕೆ ಎಷ್ಟು ಏರಿಳಿಯುತ್ತದೋ ಅದರ ಒಂದು ನಿರ್ದಿಷ್ಟ ಘಾತಕ್ಕೆ ತಕ್ಕಂತೆ ಬಿರುಕು ಆ ಸುತ್ತಿನಲ್ಲಿ ಬೆಳೆಯುತ್ತದೆ ಎಂದ. ಈ ನಂಟನ್ನು ಮೊದಲು ಮುಂದಿಟ್ಟ ಲೇಖನವನ್ನು ಹೆಸರಾಂತ ಪತ್ರಿಕೆಗಳು ಒಪ್ಪಲಿಲ್ಲ. 1961ರಲ್ಲಿ ಅದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಂದು ಜಗತ್ತಿನಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿರುವ ಹೆಚ್ಚುಕಡಿಮೆ ಪ್ರತಿಯೊಂದು ಸಾಫ್ಟ್‌ವೇರಿನ ಒಡಲಲ್ಲೂ ಆ ನಿಯಮ ಯಾವುದೋ ಒಂದು ರೂಪದಲ್ಲಿ ಕೂತಿದೆ.

ಉಕ್ಕಿಗೆ ಆ ಘಾತ ಸುಮಾರು 3. ಒತ್ತಡದ ಏರಿಳಿತ ದುಪ್ಪಟ್ಟಾದರೆ ಬಿರುಕಿನ ವೇಗ ಎಂಟು ಪಟ್ಟಾಗುತ್ತದೆ. ಘಾತ 4 ಇರುವ ಲೋಹದಲ್ಲಿ ಹದಿನಾರು ಪಟ್ಟು. ಕೆಯ ಏರಿಳಿತ ತೀರ ಚಿಕ್ಕದಿದ್ದರೆ ಬಿರುಕು ಅಲುಗುವುದೇ ಇಲ್ಲ, ಅದು ಹೊಸ್ತಿಲಿನ ಮಟ್ಟ. ಪರೀಕ್ಷಾಲಯದಲ್ಲಿ ಈ ಹೊಸ್ತಿಲನ್ನು ಗುರುತಿಸುವ ವೇಗ ಸುತ್ತಿಗೆ ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಇದು ಉಕ್ಕಿನಲ್ಲಿ ಎರಡು ಪರಮಾಣುಗಳ ನಡುವಿನ ಅಂತರಕ್ಕಿಂತಲೂ ಕಡಿಮೆ.

ಈ ನಿಯಮ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಸಾಫ್ಟ್‌ವೇರ್ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು. ನಡುವೆ ಬಿರುಕಿರುವ ಅಗಲವಾದ ಉಕ್ಕಿನ ಫಲಕ, ಒತ್ತಡದ ಏರಿಳಿತ 80 ಮೆಗಾಪಾಸ್ಕಲ್, ಬ್ರಿಟಿಷ್ ಮಾನಕ ಬಿಎಸ್ 7910 ಗಾಳಿಯಲ್ಲಿರುವ ಉಕ್ಕಿಗೆ ಹೇಳುವ ಸರಳ ನಿಯಮದ ಸ್ಥಿರಾಂಕಗಳು, ಇಷ್ಟು ಹಿಡಿಯೋಣ. ಬಿರುಕಿನ ಅರ್ಧ ಉದ್ದ 1 ಮಿಲಿಮೀಟರಿನಿಂದ 25 ಮಿಲಿಮೀಟರಿಗೆ ಬೆಳೆಯಲು ಸುಮಾರು 10.8 ಲಕ್ಷ ಸುತ್ತು ಬೇಕು. ಇದರಲ್ಲಿ 3.9 ಲಕ್ಷ ಸುತ್ತು ಬಿರುಕು 1ರಿಂದ 2 ಮಿಲಿಮೀಟರಿಗೆ ಬರುವುದರಲ್ಲೇ ಕಳೆದುಹೋಗುತ್ತದೆ. ಅರ್ಧ ಆಯುಸ್ಸು ಮುಗಿದಾಗ ಬಿರುಕು ಇನ್ನೂ 2.8 ಮಿಲಿಮೀಟರನ್ನೂ ಮುಟ್ಟಿರುವುದಿಲ್ಲ. 10ರಿಂದ 25ರವರೆಗಿನ ದೊಡ್ಡ ಓಟಕ್ಕೆ ಉಳಿಯುವುದು ಬರೀ ಒಂದೂವರೆ ಲಕ್ಷ ಚಿಲ್ಲರೆ ಸುತ್ತು.

ಇನ್ನು ಒಂದೊಂದನ್ನೇ ಬದಲಿಸಿ ನೋಡಬಹುದು. ಮುರಿಯುವ ಅಳತೆಯನ್ನು 25ರಿಂದ 50 ಮಿಲಿಮೀಟರಿಗೆ ಏರಿಸಿದರೆ ಆಯುಸ್ಸು ಹೆಚ್ಚುವುದು ನೂರಕ್ಕೆ ಏಳರಷ್ಟು ಮಾತ್ರ. ಮೊದಲ ಬಿರುಕನ್ನು 1ರ ಬದಲು 2 ಮಿಲಿಮೀಟರ್ ಎಂದು ಹಿಡಿದರೆ 10.8 ಲಕ್ಷ ಹೋಗಿ 6.8 ಲಕ್ಷವಾಗುತ್ತದೆ. ಅರ್ಧ ಮಿಲಿಮೀಟರ್ ಎಂದರೆ 16 ಲಕ್ಷ ದಾಟುತ್ತದೆ. ಒತ್ತಡ 80ರ ಬದಲು 88 ಇದ್ದರೆ 8.1 ಲಕ್ಷ. ಹೀಗಾಗಿ ಉತ್ತರವನ್ನು ಬಹುಪಾಲು ನಿರ್ಧರಿಸುವುದು ಮೊದಲ ಬಿರುಕಿನ ಅಳತೆ ಮತ್ತು ಒತ್ತಡದ ಅಂದಾಜು. ಇವೆರಡನ್ನೂ ಯಾವ ಸಾಫ್ಟ್‌ವೇರೂ ತಾನಾಗಿ ಕಂಡುಹಿಡಿಯಲಾರದು. ಮೊದಲನೆಯದು ಅಲ್ಟ್ರಾಸಾನಿಕ್ ಉಪಕರಣ ಹಿಡಿದು ಹ್ಯಾಂಗರಿನಲ್ಲೋ ಯಾರ್ಡಿನಲ್ಲೋ ನಿಂತ ತಪಾಸಕನ ಕಣ್ಣು ಕೈಗಳಿಂದ ಬರಬೇಕು. ಎರಡನೆಯದು ನಿಜವಾದ ಬಳಕೆಯಲ್ಲಿ ಅಳೆದ ಭಾರದಿಂದ ಬರಬೇಕು. ಆದರೆ ಪರಿಶೀಲನೆಗೆ ಬರುವ ವರದಿಗಳಲ್ಲಿ ಪುಟಗಟ್ಟಲೆ ಬಣ್ಣದ ಚಿತ್ರಗಳು ಮುಂದೆ, ಮೊದಲ ಬಿರುಕಿನ ಅಳತೆ ಎಲ್ಲೋ ಹಿಂದಿನ ಅನುಬಂಧದ ಕೋಷ್ಟಕದಲ್ಲಿ. ಆ ಅಳತೆ ಎಲ್ಲಿಂದ ಬಂತೆಂಬ ವಿವರ ಹಲವು ವರದಿಗಳಲ್ಲಿ ಇರುವುದೇ ಇಲ್ಲ.

ಕಂಪ್ಯೂಟರಿನ ವಿಧಾನಗಳು ಹಲವು. ಅವು ಬೇರೆಬೇರೆಯಾಗುವುದು ಮುಖ್ಯವಾಗಿ ಕೆಯನ್ನು ಹೇಗೆ ಹಿಡಿಯುತ್ತವೆ, ಬೆಳೆದ ಬಿರುಕಿನ ಆಕಾರವನ್ನು ಹೇಗೆ ಪ್ರತಿನಿಧಿಸುತ್ತವೆ ಎಂಬುದರಲ್ಲಿ. ಅತಿ ಸರಳವಾದದ್ದು ಸಿದ್ಧ ಸೂತ್ರಗಳ ದಾರಿ. ನ್ಯೂಮನ್ ಮತ್ತು ರಾಜು 1981ರಲ್ಲಿ, ಫಲಕದ ಮೇಲ್ಮೈಯಲ್ಲಿ ಅರ್ಧ ದೀರ್ಘವೃತ್ತದಂತಿರುವ ಬಿರುಕಿಗೆ ಕೆಯ ಸಮೀಕರಣ ಕೊಟ್ಟರು. ಆ ಬಗೆಯ ಸಮೀಕರಣಗಳ ದೊಡ್ಡ ಭಂಡಾರವನ್ನು ಇಟ್ಟುಕೊಂಡಿರುವ ನಾಸ್‌ಗ್ರೋ, ಎಎಫ್‌ಗ್ರೋ ಮುಂತಾದ ಪ್ರೋಗ್ರಾಂಗಳು ವಿಮಾನೋದ್ಯಮದ ದಿನನಿತ್ಯದ ಕೆಲಸವನ್ನು ಇಂದಿಗೂ ಹೊತ್ತು ನಡೆಸುತ್ತಿವೆ. ಲಕ್ಷಾಂತರ ಸುತ್ತುಗಳ ಲೆಕ್ಕ ಕ್ಷಣಗಳಲ್ಲಿ ಮುಗಿಯುತ್ತದೆ. ಭಾಗದ ಆಕಾರ ಸೂತ್ರದ ಆಕಾರಕ್ಕೆ ಹೊಂದುವವರೆಗೂ ಇದಕ್ಕಿಂತ ನೆಚ್ಚಿನ ದಾರಿ ಇಲ್ಲ.

ಆಕಾರ ಜಟಿಲವಾದಾಗ ಫೈನೈಟ್ ಎಲಿಮೆಂಟ್ ಬೇಕಾಗುತ್ತದೆ. ಇಡೀ ಭಾಗವನ್ನು ಸಣ್ಣ ಸಣ್ಣ ತುಂಡುಗಳ ಮೆಶ್ ಆಗಿ ಒಡೆದು, ತುಂಡು ತುಂಡಿನ ಒತ್ತಡ ಹುಡುಕುವ ವಿಧಾನ ಅದು. ಬಿರುಕಿನ ತುದಿಯಲ್ಲಿ ಒತ್ತಡ ಸಿದ್ಧಾಂತದ ಪ್ರಕಾರ ಅನಂತಕ್ಕೆ ಏರುವುದರಿಂದ ಸಾಮಾನ್ಯ ಮೆಶ್ ಅಲ್ಲಿ ಎಡವುತ್ತದೆ. ಎಲಿಮೆಂಟಿನ ಅಂಚಿನ ನಡುಬಿಂದುವನ್ನು ತುದಿಯ ಕಡೆಗೆ ಕಾಲು ಭಾಗಕ್ಕೆ ಸರಿಸಿದರೆ ಆ ಏರಿಕೆ ಸರಿಯಾಗಿ ಮೂಡುತ್ತದೆಂದು 1970ರ ದಶಕದ ಮಧ್ಯದಲ್ಲಿ ಗೊತ್ತಾಯಿತು. ಎಂಥ ಸಣ್ಣ ಬದಲಾವಣೆ, ಎಷ್ಟು ದೊಡ್ಡ ಫಲ! 1968ರಲ್ಲಿ ರೈಸ್ ಕೊಟ್ಟ ಜೆ-ಇಂಟಿಗ್ರಲ್ ಇನ್ನೊಂದು ಉಪಕಾರ ಮಾಡಿತು. ತುದಿಯಿಂದ ಸ್ವಲ್ಪ ದೂರದ ಹಾದಿಯಲ್ಲಿ ಸುತ್ತುಬಂದು ಶಕ್ತಿಯನ್ನು ಲೆಕ್ಕ ಹಾಕಿದರೂ ಅದೇ ಉತ್ತರ ಸಿಗುವುದರಿಂದ, ತುದಿಯಲ್ಲೇ ಆಗುವ ಸಣ್ಣ ತಪ್ಪುಗಳು ಕಾಡುವುದಿಲ್ಲ. ಬಿರುಕು ಯಾವ ದಿಕ್ಕಿಗೆ ತಿರುಗುತ್ತದೆಂಬುದಕ್ಕೆ ಎರ್ಡೋಗನ್ ಮತ್ತು ಸಿಹ್ 1963ರಲ್ಲಿ ಕೊಟ್ಟ ಮಾನದಂಡ ಈಗಲೂ ಬಳಕೆಯಲ್ಲಿದೆ: ತುದಿಯ ಸುತ್ತ ಸ್ಪರ್ಶರೇಖೆಯ ದಿಕ್ಕಿನ ಸೆಳೆತ ಎಲ್ಲಿ ಅತಿ ಹೆಚ್ಚೋ ಬಿರುಕು ಅತ್ತ ಹೋಗುತ್ತದೆ.

ಬಿರುಕು ಸರಿದಂತೆಲ್ಲ ಮೆಶ್ ಹೊಸದಾಗಿ ಕಟ್ಟಬೇಕಾಗುವುದೇ ಈ ವಿಧಾನದ ದೊಡ್ಡ ತೊಡಕಾಗಿತ್ತು. ಬೌಂಡರಿ ಎಲಿಮೆಂಟ್ ವಿಧಾನ ಮೇಲ್ಮೈಯನ್ನು ಮಾತ್ರ ತುಂಡರಿಸುವುದರಿಂದ ಆ ಹೊರೆ ಹಗುರವಾಯಿತು. 1999ರಲ್ಲಿ ಬೆಲಿಚ್ಕೊ, ಮೊಯೆಸ್, ಡೊಲ್ಬೊ ಮುಂತಾದವರು ತಂದ ಎಕ್ಸ್‌ಟೆಂಡೆಡ್ ಫೈನೈಟ್ ಎಲಿಮೆಂಟ್ ಮೆಶ್ಶನ್ನು ಮುಟ್ಟುವ ಅಗತ್ಯವನ್ನೇ ಬಹುಮಟ್ಟಿಗೆ ಇಲ್ಲವಾಗಿಸಿತು. ಬಿರುಕು ಎಲಿಮೆಂಟಿನ ನಡುವೆಯೇ ಹಾದುಹೋಗಬಹುದು. ಅದರ ಎರಡು ದಡಗಳ ನಡುವಿನ ಬೇರ್ಪಡಿಕೆಯನ್ನೂ ತುದಿಯ ಏರಿಕೆಯನ್ನೂ ಹೆಚ್ಚುವರಿ ಗಣಿತದ ಪದಗಳು ನೋಡಿಕೊಳ್ಳುತ್ತವೆ. ಮೂರು ಆಯಾಮದಲ್ಲಿ ತಿರುಚಿಕೊಂಡು ಬೆಳೆಯುವ ಬಿರುಕಿಗೆ ಇದು ನಿಜಕ್ಕೂ ದೊಡ್ಡ ವರ. ಹಾಗಿದ್ದೂ ಬೆಳವಣಿಗೆಯ ವೇಗ ಇಲ್ಲಿಯೂ ಪ್ಯಾರಿಸ್ ನಿಯಮದಿಂದಲೇ, ಅದರ ಸ್ಥಿರಾಂಕಗಳು ಪರೀಕ್ಷಾಲಯದ ತುಂಡುಗಳಿಂದಲೇ ಬರುತ್ತವೆ. ಹೊಸ ವಿಧಾನವೆಂದ ಮಾತ್ರಕ್ಕೆ ಹಳೆಯ ಸ್ಥಿರಾಂಕ ಶುದ್ಧವಾಗುವುದಿಲ್ಲ.

ಪದರ ಪದರವಾಗಿ ಅಂಟಿಸಿದ ಕಾಂಪೊಸಿಟ್‌ಗಳಿಗೆ, ಪದರಗಳ ಹಿಡಿತ ಹಂತಹಂತವಾಗಿ ಸಡಿಲುವುದನ್ನು ಲೆಕ್ಕ ಹಾಕುವ ಕೊಹೆಸಿವ್ ಜೋನ್ ಮಾದರಿ ಹೆಚ್ಚು ಒಪ್ಪುತ್ತದೆ. 1998ರಲ್ಲಿ ಫ್ರಾಂಕ್‌ಫೋರ್ ಮತ್ತು ಮಾರಿಗೊ ಹಾಕಿದ ತಳಹದಿಯ ಮೇಲೆ ಬೆಳೆದ ಫೇಸ್-ಫೀಲ್ಡ್ ವಿಧಾನ ಬಿರುಕನ್ನು ಗೆರೆಯಾಗಿ ನೋಡದೆ ಕಿರಿದಾದ ಹಾನಿಯ ಪಟ್ಟೆಯಾಗಿ ನೋಡುತ್ತದೆ. ಬಿರುಕು ಕವಲೊಡೆಯುವುದು, ಎರಡು ಬಿರುಕು ಸೇರುವುದು ಅಲ್ಲಿ ತಾನಾಗಿ ಬರುತ್ತದೆ. ಆದರೆ ಪಟ್ಟೆಯ ಅಗಲಕ್ಕಿಂತ ಮೆಶ್ ಬಹಳ ನವಿರಾಗಿರಬೇಕು, ಲಕ್ಷ ಸುತ್ತುಗಳನ್ನು ಒಂದೊಂದಾಗಿ ನಡೆಸುವುದು ದೊಡ್ಡ ಕಂಪ್ಯೂಟರಿಗೂ ಭಾರ. ಸಂಶೋಧನೆಗೆ ಇದು ಬಲು ಫಲವತ್ತಾದ ನೆಲ. ಪ್ರಯಾಣಿಕರನ್ನು ಹೊರುವ ಭಾಗಕ್ಕೆ ಈ ಒಂದೇ ಲೆಕ್ಕದ ಮೇಲೆ ಆಯುಸ್ಸು ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ ಎಂಬುದು ಈ ಪತ್ರದ ಅಭಿಪ್ರಾಯ.

ವಿಧಾನ ಯಾವುದೇ ಇರಲಿ, ಹೆಜ್ಜೆಯ ಅಳತೆಯಲ್ಲಿ ಒಂದು ಅಪಾಯ ಅಡಗಿದೆ. ಸಾಫ್ಟ್‌ವೇರ್ ಬಿರುಕನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳುತ್ತದೆ. ಹೆಜ್ಜೆಯ ಆರಂಭದಲ್ಲಿದ್ದ ಕೆಯನ್ನೇ ಆ ಹೆಜ್ಜೆ ಪೂರ್ತಿ ಹಿಡಿದರೆ, ನಡುವೆ ಏರಿದ ವೇಗ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಫಲಕವನ್ನೇ ತೆಗೆದುಕೊಂಡರೆ ಸರಿಯಾದ ಉತ್ತರ 10.8 ಲಕ್ಷ. 4 ಮಿಲಿಮೀಟರಿನ ಆರು ಹೆಜ್ಜೆಯಲ್ಲಿ ನಡೆಸಿದರೆ ಬರುವುದು 31.6 ಲಕ್ಷ, ನಿಜದ ಸುಮಾರು ಮೂರು ಪಟ್ಟು. 1 ಮಿಲಿಮೀಟರಿನ ಇಪ್ಪತ್ನಾಲ್ಕು ಹೆಜ್ಜೆಯಲ್ಲೂ 14.9 ಲಕ್ಷ, ಅಂದರೆ ನೂರಕ್ಕೆ ಮೂವತ್ತೆಂಟು ಹೆಚ್ಚು. ಹೆಜ್ಜೆಯನ್ನು 0.1 ಮಿಲಿಮೀಟರಿಗೆ ಇಳಿಸಿದಾಗ ಮಾತ್ರ ತಪ್ಪು ನೂರಕ್ಕೆ ಮೂರಕ್ಕೆ ಬರುತ್ತದೆ. ಇಪ್ಪತ್ನಾಲ್ಕು ಬಿಂದುಗಳ ರೇಖೆ ಪರದೆಯ ಮೇಲೆ ನುಣುಪಾಗಿಯೇ ಕಾಣುತ್ತದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಮುಖ್ಯವಾದ ಮಾತೆಂದರೆ ಈ ತಪ್ಪು ಯಾವಾಗಲೂ ಆಯುಸ್ಸನ್ನು ಹೆಚ್ಚಿಸಿ ತೋರಿಸುವ ಕಡೆಗೇ ವಾಲುತ್ತದೆ. ಒಳ್ಳೆಯ ಸಾಫ್ಟ್‌ವೇರುಗಳು ಹೆಜ್ಜೆಗಳ ನಡುವೆ ಕೆಯನ್ನು ಜೋಡಿಸಿ ಸಮಾಕಲನ ಮಾಡಿ ಇದನ್ನು ತಪ್ಪಿಸುತ್ತವೆ. ನಿಮ್ಮದು ಹಾಗೆ ಮಾಡುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿ, ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ ಖಚಿತಪಡಿಸಿಕೊಳ್ಳುವುದು ನಿಮ್ಮ ಕೆಲಸ.

ಇದುವರೆಗಿನ ಲೆಕ್ಕದಲ್ಲಿ ಭಾರ ಒಂದೇ ಸಮನೆ ಏರಿಳಿಯಿತು. ನಿಜದ ಭಾರ ಹಾಗಿರುವುದಿಲ್ಲ. ಗಾಳಿಯ ಹೊಡೆತ, ನೆಲಕ್ಕಿಳಿಯುವ ಏಟು, ತುಂಬಿದ ಲಾರಿ, ಖಾಲಿ ಲಾರಿ ಎಲ್ಲ ಬೆರೆತಿರುತ್ತವೆ. ಈ ಗೊಂದಲದಿಂದ ಸುತ್ತುಗಳನ್ನು ಎಣಿಸಿ ತೆಗೆಯಲು ಜಪಾನಿನ ಮತ್ಸುಯಿಶಿ ಮತ್ತು ಎಂಡೊ 1968ರಲ್ಲಿ ರೇನ್‌ಫ್ಲೋ ಎಣಿಕೆಯನ್ನು ಕೊಟ್ಟರು. ಆದರೆ ಎಣಿಸಿದ ಮೇಲೂ ಅನುಕ್ರಮದ ಪ್ರಶ್ನೆ ಉಳಿಯುತ್ತದೆ. ಒಂದು ದೊಡ್ಡ ಭಾರ ಬಿದ್ದ ಮೇಲೆ ಬಿರುಕು ಕೆಲಕಾಲ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ತುದಿಯಲ್ಲಿ ಹಿಗ್ಗಿದ ಲೋಹವನ್ನು ಸುತ್ತಲಿನ ಲೋಹ ಒತ್ತಿಹಿಡಿಯುವುದೇ ಇದಕ್ಕೆ ಕಾರಣ. 1970ರ ಹೊತ್ತಿಗೆ ವೋಲ್ಫ್ ಎಲ್ಬರ್ ಇನ್ನೊಂದು ಸಂಗತಿ ಕಂಡ. ಭಾರ ಇನ್ನೂ ಎಳೆಯುತ್ತಿರುವಾಗಲೇ ಬಿರುಕಿನ ದಡಗಳು ಒಂದಕ್ಕೊಂದು ತಾಗಿ ಮುಚ್ಚಿಕೊಳ್ಳುತ್ತವೆ, ಮುಚ್ಚಿಕೊಂಡಿರುವ ಭಾಗದ ಏರಿಳಿತ ಬೆಳವಣಿಗೆಗೆ ಲೆಕ್ಕಕ್ಕಿಲ್ಲ. ವೀಲರ್, ವಿಲೆನ್‌ಬೋರ್ಗ್ ಮೊದಲಾದವರ ಮಾದರಿಗಳು ಈ ನಿಧಾನವನ್ನು ಲೆಕ್ಕಕ್ಕೆ ಸೇರಿಸುತ್ತವೆ, ಆಯುಸ್ಸನ್ನು ಧಾರಾಳವಾಗಿ ಉದ್ದ ಮಾಡುತ್ತವೆ. ಪರೀಕ್ಷೆಯ ಬೆಂಬಲವಿಲ್ಲದೆ ಆ ಉದ್ದವನ್ನು ತಪಾಸಣೆಯ ಅವಧಿಗೆ ಸೇರಿಸುವುದು ಸರಿಯಲ್ಲ. ದೊಡ್ಡ ಎಳೆತದ ಹಿಂದೆಯೇ ದೊಡ್ಡ ಒತ್ತು ಬಿದ್ದರೆ ಆ ಲಾಭದ ಬಹುಪಾಲು ಅಳಿಸಿಹೋಗುತ್ತದೆ.

ಎಲ್ಲವೂ ಸರಿಯಾಗಿದ್ದರೂ ಲೋಹ ತನ್ನದೇ ಚದುರುವಿಕೆಯನ್ನು ಉಳಿಸಿಕೊಂಡಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವರ್ಕ್ಲರ್ ಮತ್ತು ಸಂಗಡಿಗರು ಒಂದೇ ಬಗೆಯ ಅಲ್ಯೂಮಿನಿಯಂ ಮಿಶ್ರಲೋಹದ 68 ತುಂಡುಗಳನ್ನು ಒಂದೇ ಭಾರದಲ್ಲಿ ಪರೀಕ್ಷಿಸಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಯೊಂದರಲ್ಲೂ ಬಿರುಕು 9 ಮಿಲಿಮೀಟರಿನಿಂದ 49.8 ಮಿಲಿಮೀಟರಿಗೆ ಬೆಳೆಯಬೇಕಿತ್ತು. ಕೆಲವು ತುಂಡುಗಳು ಸುಮಾರು 2.2 ಲಕ್ಷ ಸುತ್ತಿಗೇ ಅಲ್ಲಿ ಮುಟ್ಟಿದವು, ಕೆಲವಕ್ಕೆ ಸುಮಾರು 3.2 ಲಕ್ಷ ಬೇಕಾಯಿತು. ಪರೀಕ್ಷಾಲಯದ ಬಿಗಿ ನಿಗಾದಲ್ಲೇ ಇಷ್ಟು ಅಂತರವಿದ್ದ ಮೇಲೆ, ಬಿಸಿಲು ಮಳೆ ತುಕ್ಕಿನ ನಡುವೆ ದುಡಿಯುವ ಭಾಗಕ್ಕೆ ದಶಮಾಂಶ ಬಿಂದುವಿನವರೆಗೆ ಆಯುಸ್ಸು ಬರೆಯುವುದರಲ್ಲಿ ಅರ್ಥವಿಲ್ಲ.

ಮಾದರಿಯಲ್ಲಿ ಇಲ್ಲದ ಬಿರುಕು ಇನ್ನೂ ದೊಡ್ಡ ಅಪಾಯ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕಿಯೆಲಾಂಡ್ ಎಂಬ ತೇಲುವ ವಸತಿ ವೇದಿಕೆ ಮಗುಚಿ 123 ಜನ ಸತ್ತರು. ಒಂದು ಆಸರೆ ಕೊಳವೆಗೆ ಜಲಧ್ವನಿ ಉಪಕರಣದ ಸಣ್ಣ ಹಿಡಿಕೆಯೊಂದನ್ನು ಬೆಸೆದಿದ್ದರು. ಭಾರ ಹೊರುವ ಭಾಗವೆಂದು ಅದನ್ನು ಯಾರೂ ಎಣಿಸಿರಲಿಲ್ಲ, ಬಿರುಕು ಹುಟ್ಟಿದ್ದು ಆ ಹಿಡಿಕೆಯ ಬೆಸುಗೆಯಲ್ಲಿ. ಬಿರುಕಿನ ಮುಖದ ಮೇಲೆ ಬಣ್ಣದ ಕುರುಹು ಸಿಕ್ಕಿದ್ದರಿಂದ, ವೇದಿಕೆ ತಯಾರಾಗುವಾಗಲೇ ಅಲ್ಲಿ ಬಿರುಕಿತ್ತೆಂದು ತನಿಖೆ ಕಂಡುಕೊಂಡಿತು. 1988ರ ಏಪ್ರಿಲ್ 28ರಂದು ಹವಾಯಿಯ ಅಲೋಹ ಏರ್‌ಲೈನ್ಸಿನ ಬೋಯಿಂಗ್ 737ರ ಮುಂಭಾಗದ ಚಾವಣಿ ಹಾರಾಟದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಜೀವ ಕಳೆದುಕೊಂಡರು. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ ಮಾಡುತ್ತಾ ಆ ವಿಮಾನ 89,680 ಸುತ್ತು ಮುಗಿಸಿತ್ತು. ಅಲ್ಲಿ ಒಂದು ದೊಡ್ಡ ಬಿರುಕು ಇರಲಿಲ್ಲ. ಸಾಲು ರಿವೆಟ್ ರಂಧ್ರಗಳಲ್ಲಿ ಹುಟ್ಟಿದ ಹಲವು ಸಣ್ಣ ಬಿರುಕುಗಳು ಒಂದಕ್ಕೊಂದು ಸೇರಿಕೊಂಡಿದ್ದವು. ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರ ಕಣ್ಣಿಗೆ ಬಾಗಿಲ ಬಳಿ ಬಿರುಕು ಬಿದ್ದಿತ್ತು, ಅವರು ಯಾರಿಗೂ ಹೇಳಲಿಲ್ಲ. 1998ರ ಜೂನ್ 3ರಂದು ಜರ್ಮನಿಯ ಎಶೆಡೆಯಲ್ಲಿ 101 ಜನರನ್ನು ಬಲಿ ತೆಗೆದುಕೊಂಡ ರೈಲು ಅಪಘಾತದಲ್ಲಿ ಬಿರುಕು ಗಾಲಿಯ ಹೊರಬಳೆಯ ಒಳಮೈಯಲ್ಲಿ, ಹೊರಗಿನಿಂದ ಕಾಣದ ಕಡೆ ಬೆಳೆದಿತ್ತು.

ಈ ಮಾತುಗಳನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ದಶಕಗಳಿಂದ ವಿಮಾನದ ಭಾಗಗಳ ದಣಿವಿನ ಪರೀಕ್ಷೆ ನಡೆಸುತ್ತಾ ಬಂದಿದೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ತಯಾರಾದ ಗಾಲಿ ಮತ್ತು ಅಚ್ಚುಗಳು ದೇಶದ ಹಳಿಗಳ ಮೇಲೆ ಓಡುತ್ತಿವೆ. ಹೊರದೇಶದ ವಿಮಾನ ಕಂಪನಿಗಳ ಬಿರುಕು ಲೆಕ್ಕದ ಕೆಲಸ ಇದೇ ಊರಿನ ಕಚೇರಿಗಳಲ್ಲಿ ನಡೆಯುತ್ತದೆ, ಅದನ್ನು ಮಾಡುವವರಲ್ಲಿ ನಮ್ಮ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದವರು ಬಹಳ ಮಂದಿ. ಎಷ್ಟೋ ಸಲ ಅವರು ಆ ಭಾಗವನ್ನು ಕಣ್ಣಾರೆ ಕಂಡಿರುವುದಿಲ್ಲ. ಪರದೆಯ ಮೇಲಿನ ಮಾದರಿಯೇ ಅವರಿಗೆ ವಿಮಾನ.

ಆದ್ದರಿಂದ ಯುವ ಎಂಜಿನಿಯರುಗಳಲ್ಲಿ ಕೇಳಿಕೊಳ್ಳುವುದಿಷ್ಟು. ಸಾಫ್ಟ್‌ವೇರ್ ತೆರೆಯುವ ಮುನ್ನ ಸರಳ ಫಲಕವೆಂದು ಭಾವಿಸಿ ಕೈಯಲ್ಲೊಂದು ಲೆಕ್ಕ ಹಾಕಿಕೊಳ್ಳಿ. ಎರಡರ ನಡುವೆ ಭಾರೀ ಅಂತರ ಬಂದರೆ, ಕಾರಣ ಸಿಗುವವರೆಗೆ ವರದಿ ಕಳಿಸಬೇಡಿ. ಒಂದೇ ಸಂಖ್ಯೆಯ ಬದಲು ಮೊದಲ ಬಿರುಕು, ಒತ್ತಡ, ಸ್ಥಿರಾಂಕ ಇವುಗಳ ಕೆಟ್ಟ ಅಂದಾಜು ಮತ್ತು ಒಳ್ಳೆಯ ಅಂದಾಜಿನಲ್ಲಿ ಬರುವ ವ್ಯಾಪ್ತಿಯನ್ನು ಕೊಡಿ. ವರ್ಷಕ್ಕೊಮ್ಮೆಯಾದರೂ ತಪಾಸಕರ ಜೊತೆ ಹ್ಯಾಂಗರಿಗೋ ಶೆಡ್ಡಿಗೋ ಹೋಗಿ, ಅವರ ಉಪಕರಣಕ್ಕೆ ಯಾವ ಅಳತೆಯ ಬಿರುಕು ನಿಜವಾಗಿ ಸಿಗುತ್ತದೆಂದು ಕೇಳಿ. ಕೈಪಿಡಿಯಲ್ಲಿ ಬರೆದಿರುವ ಅಳತೆಗೂ ರಾತ್ರಿ ಪಾಳಿಯಲ್ಲಿ, ಇಕ್ಕಟ್ಟಾದ ಜಾಗದಲ್ಲಿ ಸಿಗುವ ಅಳತೆಗೂ ವ್ಯತ್ಯಾಸವಿದೆ. ಅಧ್ಯಾಪಕರು ಪ್ರತಿ ವಿದ್ಯಾರ್ಥಿಯ ಕೈಗೂ ದಣಿವಿನಿಂದ ಮುರಿದ ತುಂಡೊಂದನ್ನು ಕೊಟ್ಟು, ಬಿರುಕು ಎಲ್ಲಿ ಹುಟ್ಟಿತೆಂದು ಬೆರಳಿಟ್ಟು ತೋರಿಸಲು ಹೇಳಬೇಕೆಂದು ಕೋರಿಕೆ. ಗ್ಯಾರೇಜುಗಳ ಗುಜರಿಯಲ್ಲಿ ಅಂಥ ತುಂಡುಗಳಿಗೆ ಕೊರತೆಯಿಲ್ಲ.

ಸಹಿ ಮಾಡುವ ಹಿರಿಯರಲ್ಲಿ ಒಂದೇ ಬಿನ್ನಹ. ಮೊದಲ ಬಿರುಕಿನ ಅಳತೆ ಎಷ್ಟು, ಅದು ಎಲ್ಲಿಂದ ಬಂತು, ಒತ್ತಡವನ್ನು ಅಳೆದರೋ ಊಹಿಸಿದರೋ, ಹೆಜ್ಜೆಯನ್ನು ಅರ್ಧ ಮಾಡಿದಾಗ ಉತ್ತರ ಎಷ್ಟು ಬದಲಾಯಿತು, ಈ ನಾಲ್ಕೂ ವರದಿಯ ಮೊದಲ ಪುಟದಲ್ಲಿ ಇಲ್ಲದಿದ್ದರೆ ದಯವಿಟ್ಟು ಸಹಿ ಮಾಡದೆ ಅದನ್ನು ಹಿಂದಕ್ಕೆ ಕಳಿಸಿ. ಗಡುವು ಎಷ್ಟೇ ಹತ್ತಿರವಿದ್ದರೂ ಕಳಿಸಿ.

ಇತಿ,
ನಿಮ್ಮ ವಿಶ್ವಾಸಿ,
ಓರ್ವ ಹಿರಿಯ ಎಂಜಿನಿಯರ್
ಬೆಂಗಳೂರು